ಗಂಟಿಲ್ಲದ ಹುಳ

ಏಳನೆಯ ಕಂತು

"ಕಟ್ಟಿ ತೋರಿಸ್ರಿ," ಎಂದೆ.

ನಾನು ಮೇಜಿನ ಮೇಲೆ ಇಟ್ಟಿದ್ದನ್ನು ಜಯಕರಣ್ಣ ನೋಡಿದರು. ಎಂಟನೇ ನಂಬರಿನ ಒಂದು ಗಾಳ, ಕಂದು ದಾರದ ಒಂದು ರೀಲು, ಹಳೆಯ ಕಂಬಳಿಯಿಂದ ಎಳೆದು ಬಣ್ಣ ಹಾಕಿದ ಒಂದು ಚಿಟಿಕೆ ಉಣ್ಣೆ, ನವಿಲುಗರಿಯ ಎರಡು ಎಳೆ. ಆಮೇಲೆ ನನ್ನನ್ನು ನೋಡಿದರು.

ಸಂಭಾಜಿನಗರದಲ್ಲಿ ಅವರ ಹೋಟೆಲಿನ ಹಿಂದಿನ ಕೋಣೆ ಅದು. ಗೋಡೆಗೆ ಒರಗಿಸಿದ ಅಕ್ಕಿ ಚೀಲಗಳು, ಮೂಲೆಯಲ್ಲಿ ಹಿಟ್ಟು ರುಬ್ಬುವ ಯಂತ್ರ, ಕಿಟಕಿಯಾಚೆ ಮಧ್ಯಾಹ್ನದ ಗಿರಾಕಿಗಳ ಗದ್ದಲ. ಯಾರೋ ಮರಾಠಿಯಲ್ಲಿ ಇನ್ನೊಂದು ಬಟ್ಟಲು ಸಾಂಬಾರಿಗೆ ಕೂಗುತ್ತಿದ್ದರು.

"ಎಂಥ ಮಾರಾಯ," ಎಂದರು ಅವರು. "ಹತ್ತು ವರ್ಷದ ಮೇಲೆ ಮುಖ ತೋರಿಸಿದ್ದಿ. ಬಂದವನು ಕೂತದ್ದೇ ನನ್ನ ಪರೀಕ್ಷೆ ಮಾಡ್ಲಿಕ್ಕಾ?"

"ಹೌದ್ರಿ. ಕಟ್ರಿ."

ನಾಸಿಕದ ಹತ್ತಿರದ ದೇವಳಾಲಿ ಕ್ಯಾಂಪಿನ ರೇವಣಪ್ಪ ಕಾಕಾ ದಾರಣಾ ಹೊಳೆಯ ಮಡುವಿನಲ್ಲಿ ಹೆಣವಾಗಿ ಸಿಕ್ಕು ಆವತ್ತಿಗೆ ಒಂಬತ್ತು ದಿನ. ಅವರನ್ನು ಕೊಂದ ಎಂದು ದೋಣಿಯ ಮಹಿಬೂಬ ಲಾಕಪ್ಪಿನಲ್ಲಿದ್ದ, ಮತ್ತು ಅವನನ್ನು ಅಲ್ಲಿಗೆ ಕಳಿಸಿದ್ದು ನನ್ನ ಬಾಯಿಂದ ಬಂದ ಒಂದೇ ಒಂದು ಮಾತು. ಸೋಮವಾರ ಅವನನ್ನು ಮತ್ತೆ ಕೋರ್ಟಿಗೆ ತರುತ್ತಾರೆ. ಆಮೇಲೆ ದೊಡ್ಡ ಜೈಲು. ಇವತ್ತು ಶನಿವಾರ.

ಜಯಕರಣ್ಣ ನಿಟ್ಟುಸಿರು ಬಿಟ್ಟು ಮೇಜಿನ ಅಂಚಿಗೆ ಗಾಳವನ್ನು ಕಚ್ಚಿ ಹಿಡಿಯುವ ಒಂದು ಸಣ್ಣ ಹಿಡಿಕೆ ಬಿಗಿದರು. ಹೊಲಿಗೆ ಯಂತ್ರದ ಪಾದವನ್ನು ಬಿಚ್ಚಿ, ಅರದಿಂದ ಉಜ್ಜಿ ಮಾಡಿದ ಹಿಡಿಕೆ. ಅದನ್ನು ಕಂಡೊಡನೆ ಗುರುತು ಹಿಡಿದೆ. ಅಂಥವನ್ನು ಕಾಕಾ ಮೂರು ಮಾಡಿದ್ದರು. ಒಂದು ಅವರಿಗೆ. ಒಂದು ಜಯಕರಣ್ಣನಿಗೆ. ಮೂರನೆಯದು ನನಗೆ. ಅದನ್ನು ಏಳು ವರ್ಷದ ಹಿಂದೆ ಸಿಟ್ಟಿನಲ್ಲಿ ಅವರ ಅಂಗಡಿಯ ಮೆಟ್ಟಿಲ ಮೇಲೆ ಎಸೆದು ಬಂದಿದ್ದೆ.

ಕಾಕಾ ಪಲ್ಟನ್ನಿನವರ ಸಮವಸ್ತ್ರಕ್ಕೆ ಬಿಲ್ಲೆ, ಪಟ್ಟಿ ಹೊಲಿಯುತ್ತಿದ್ದವರು. ಬೀದರ ಕಡೆಯಿಂದ ಬಂದು ಕ್ಯಾಂಪಿನಲ್ಲಿ ನಿಂತವರು. ತೋಪಖಾನೆಯ ಒಬ್ಬ ಮುದುಕ ಕರ್ನಲ್ ಸಾಹೇಬರು ಅವರಿಗೆ ಹುಳ ಕಟ್ಟುವುದನ್ನು ಕಲಿಸಿದರು. ಸಾಹೇಬರ ಬಾಯಲ್ಲಿ ಅದು ಫ್ಲೈ. ಕಾಕಾರ ಬಾಯಲ್ಲಿ ಹುಳ. ಗಾಳದ ಮೇಲೆ ದಾರ, ಉಣ್ಣೆ, ಗರಿ ಸುತ್ತಿ, ಮೀನಿನ ಕಣ್ಣಿಗೆ ಇದೊಂದು ತಿನ್ನುವ ವಸ್ತು ಎನ್ನಿಸಬೇಕು. ಅಷ್ಟೇ ಕೆಲಸ.

ಆದರೆ ಸಾಹೇಬರು ಬೆಟ್ಟದ ಹೊಳೆಗಳ ಮೀನಿಗಾಗಿ ಕಟ್ಟುತ್ತಿದ್ದ ಹುಳ ನಮ್ಮ ಗೆಂಡೆಗೆ ಹಿಡಿಸಲಿಲ್ಲ. ಗೆಂಡೆ ಸೋಮಾರಿ, ಮೇಲಾಗಿ ಅನುಮಾನದ ಮೀನು. ಹಾರುವ ಹುಳದ ಹಿಂದೆ ಓಡುವುದಿಲ್ಲ. ದಂಡೆಯ ಅತ್ತಿ ಮರದಿಂದ ಹಣ್ಣು ಟಪ್ಪೆಂದು ನೀರಿಗೆ ಬಿದ್ದರೆ ಮಾತ್ರ ಅದು ದಪ್ಪ ತುಟಿ ಮೇಲೆ ತಂದು, ಒಮ್ಮೆ ಮೂಸಿ, ಬಿಟ್ಟು, ಮತ್ತೆ ಬಂದು ನುಂಗುತ್ತದೆ. ಕಾಕಾ ಎರಡು ಹಂಗಾಮು ದಂಡೆಯಲ್ಲಿ ಸುಮ್ಮನೆ ಕೂತು ಇದನ್ನು ನೋಡಿದರಂತೆ. ಆಮೇಲೆ ಅತ್ತಿಹಣ್ಣನ್ನೇ ಗಾಳದ ಮೇಲೆ ಕಟ್ಟಿದರು. ಕಂಬಳಿಯ ಉಣ್ಣೆಯನ್ನು ದುಂಡಗೆ ಕತ್ತರಿಸಿ, ತೊಟ್ಟಿನ ಜಾಗದಲ್ಲಿ ನವಿಲುಗರಿಯ ಎರಡು ಸುತ್ತು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದರು, ಹಿಡಿದ ಮೀನಿನ ಬಾಯಿ ಹರಿಯದೆ ವಾಪಸು ಬಿಡಲು.

ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳದ ಕೋಲು. ಕ್ಯಾಂಪಿನ ಜನ ಅವರನ್ನು ಗೇಲಿ ಮಾಡುತ್ತಿದ್ದರು. ತಿನ್ನುವುದಿಲ್ಲ, ಮಾರುವುದಿಲ್ಲ, ಮತ್ತೆ ಯಾಕೆ ಹಿಡಿಯುತ್ತೀರಿ ಎಂದು ನಾನೂ ಒಮ್ಮೆ ಕೇಳಿದ್ದೆ.

"ಅದು ನನ್ನ ನಂಬ್ತದಲ್ಲ, ಅಷ್ಟ ನೋಡ್ಲಿಕ್ಕೆ," ಎಂದಿದ್ದರು.

ಆಗ ನನಗೆ ಹದಿನಾಲ್ಕು. ರೇಂಜಿನಲ್ಲಿ ತೋಪು ಹಾರಿಸುವ ದಿನ ಅಂಗಡಿಯ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಮಡುವಿನ ಗೆಂಡೆಗಳೆಲ್ಲ ತಳಕ್ಕೆ ಹೋಗಿ ಅರ್ಧ ದಿನ ಮೇಲೆ ಬರುತ್ತಿರಲಿಲ್ಲ. ಆ ಅರ್ಧ ದಿನ ನಮ್ಮ ಶಾಲೆ. ಕಾಕಾ ಯಂತ್ರ ನಿಲ್ಲಿಸಿ, ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಅವರ ಎಡಕ್ಕೆ ಜಯಕರಣ್ಣ. ಆಗ ಲ್ಯಾಮ್ ರೋಡಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ ಇವರು, ಕೆಲಸದ ನಡುವೆ ತಪ್ಪಿಸಿಕೊಂಡು ಬರುತ್ತಿದ್ದರು. ಬಲಕ್ಕೆ ನಾನು. ಒಳಗಿನಿಂದ ಕಾಕಾರ ಹೆಂಡತಿ ಕಸ್ತೂರಿ ಕಾಕು ಜೋಳದ ರೊಟ್ಟಿ ಬಡಿಯುವ ಸದ್ದು. ದಾರ ಬಿಗಿಯಾದರೆ ಹುಳ ಸಾಯುತ್ತದೆ, ಸಡಿಲವಾದರೆ ಬೆತ್ತಲಾಗುತ್ತದೆ ಎಂದು ಕಾಕಾ ಹೇಳುತ್ತಿದ್ದರು. ಮೇಲಿನ ತುದಿಗೆ ಏಳು ಸುತ್ತು, ಒಂದು ಗಂಟು, ಗಂಟು ಬಿಚ್ಚದ ಹಾಗೆ ಕಾಕುವಿನ ಉಗುರು ಬಣ್ಣದ ಒಂದು ಹನಿ.

ಈಗ ಜಯಕರಣ್ಣನ ಬೆರಳುಗಳು ಅದನ್ನೇ ಮಾಡುತ್ತಿದ್ದವು. ಹೋಟೆಲಿನ ಬೆರಳುಗಳು, ಬಿಸಿಗೆ ಗಟ್ಟಿಯಾದವು. ಆದರೂ ಮರೆತಿರಲಿಲ್ಲ. ಉಣ್ಣೆ ಸುತ್ತಿದರು. ಕತ್ತರಿಯಿಂದ ದುಂಡು ಮಾಡಿದರು. ಗರಿ ಎರಡು ಸುತ್ತು. ದಾರ ಏಳು ಸುತ್ತು.

ನಾನು ಕಣ್ಣು ಕೀಳದೆ ನೋಡಿದೆ. ನನಗೆ ಬೇಕಾದದ್ದು ಮುಂದಿನ ಒಂದು ಕ್ಷಣ.

ಅವರು ಗಂಟು ಹಾಕಿದರು.

ಬಾಗಿಲ ಕಡೆ ತಿರುಗಿ, ಹೆಂಡತಿ ಚಂಪಕ್ಕನಿಗೆ ಉಗುರು ಬಣ್ಣ ತರಲು ಹೇಳಿದರು. ಆಕೆ ತಂದಿಟ್ಟು ಹೋದರು.

"ಬ್ಯಾಡ್ರಿ," ಎಂದೆ. "ಬೇಕಂತ ಗಂಟು ಹಾಕಿದ್ರಿ. ಹೊಸಾ ತರದ್ದು ಕಟ್ರಿ. ಗಂಟಿಲ್ಲದ್ದು."

"ಅದು ನನಗೆ ಬರುದಿಲ್ಲ."

"ಸುಳ್ಳು."

ನಾನು ಮೊಬೈಲು ತೆಗೆದು ಅವರ ಮುಂದಿಟ್ಟೆ. ಠಾಣೆಯಲ್ಲಿ ನಾನೇ ತೆಗೆದ ಫೋಟೋ. ತಂಬಾಕಿನ ಹಳೆಯ ಡಬ್ಬಿಯಲ್ಲಿ ಆರು ಅತ್ತಿಹಣ್ಣು. ಆರರಲ್ಲೂ ತುದಿಗೆ ಗಂಟಿಲ್ಲ, ಬಣ್ಣವಿಲ್ಲ. ದಾರ ಎಲ್ಲಿ ಮುಗಿಯಿತೆಂದು ಬರಿಗಣ್ಣಿಗೆ ಕಾಣುವುದೇ ಇಲ್ಲ.

ಕಾಕಾ ಈ ಹೊಸ ತರಹ ಶುರು ಮಾಡಿದ್ದು ಆರು ವರ್ಷದ ಹಿಂದೆ. ಆಗ ನಾನು ಅವರ ಹತ್ತಿರ ಇರಲಿಲ್ಲ. ಒಂಬತ್ತನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಎರಡು ವರ್ಷ ಸುಮ್ಮನಿದ್ದ ಕಾಕಾ ಒಂದು ದಿನ, ಹೊರಗಿನಿಂದ ಹತ್ತನೆಯ ಪರೀಕ್ಷೆಗೆ ಕೂತು ಪಾಸಾಗುವ ತನಕ ಹಿಡಿಕೆ ಮುಟ್ಟಬೇಡ ಎಂದರು. ಪುಸ್ತಕ ಓದಿದವರು ನಮ್ಮಪ್ಪನನ್ನು ಹೇಗೆ ನಡೆಸಿಕೊಂಡರೆಂದು ನೋಡಿದವನು ನಾನು. ಬಾಯಿಗೆ ಬಂದದ್ದನ್ನು ಅಂದೆ. ಹಿಡಿಕೆ ಎಸೆದೆ. ನಿಫಾಡಿಗೆ ಹೋಗಿ ದ್ರಾಕ್ಷಿ ಪ್ಯಾಕು ಮಾಡುವ ಶೆಡ್ಡಿನಲ್ಲಿ ಸೇರಿಕೊಂಡೆ.

ಆದರೆ ತಿಂಗಳಿಗೊಮ್ಮೆ ಕ್ಯಾಂಪಿಗೆ ಬರುತ್ತಿದ್ದೆ. ಕಾಕಾರ ಮಗ ಗುರುಬಸವನ ಅಂಗಡಿಯಲ್ಲಿ ಆ ಹುಳಗಳನ್ನು ಕಾಕಾರ ಫೋಟೋ ಇರುವ ಚೀಟಿಗೆ ಸಿಕ್ಕಿಸಿ ಮಾರುತ್ತಿದ್ದರು, 'ರೇವಣಪ್ಪನವರು ಸ್ವಂತ ಕೈಯಿಂದ ಕಟ್ಟಿದ್ದು' ಎಂದು ಬರೆದು. ಪ್ರತಿ ಸಲ ಒಂದು ಕೊಳ್ಳುತ್ತಿದ್ದೆ. ಮನೆಗೆ ಹೋಗುತ್ತಿರಲಿಲ್ಲ. ನಿಫಾಡಿನ ನನ್ನ ಕೋಣೆಯಲ್ಲಿ ಅವನ್ನು ದೀಪಕ್ಕೆ ಹಿಡಿದು, ದಾರ ಎಲ್ಲಿ ಮುಗಿಯಿತೆಂದು ಹುಡುಕುತ್ತಿದ್ದೆ. ಒಂದನ್ನು ಬಿಚ್ಚಿಯೂ ನೋಡಿದೆ. ಕಟ್ಟಲು ಬರಲಿಲ್ಲ. ಮುದುಕ ಇನ್ನೂ ಕಲಿಯುತ್ತಿದ್ದಾನೆ, ನಾನು ಬೀದಿಗೆ ಬಿದ್ದೆ ಎಂದು ಹೊಟ್ಟೆ ಉರಿಯುತ್ತಿತ್ತು. ಅಷ್ಟೇ ಹೆಮ್ಮೆಯೂ ಆಗುತ್ತಿತ್ತು.

ಆ ಹೆಮ್ಮೆಯೇ ಮಹಿಬೂಬನನ್ನು ತಿಂದಿತು.

ಕಾಕಾ ಸೋಮವಾರ ನಸುಕಿನಲ್ಲಿ ಗಾಳದ ಕೋಲು ಹಿಡಿದು ಹೊಳೆಗೆ ಹೋದವರು ತಿರುಗಿ ಬರಲಿಲ್ಲ ಎಂದು ಗುರುಬಸವ ಪೊಲೀಸರಿಗೆ ಬರೆದುಕೊಟ್ಟಿದ್ದ. ಗುರುವಾರ ಬೆಳಿಗ್ಗೆ ಜೊಂಡಿನಲ್ಲಿ ಹೆಣ ಸಿಕ್ಕಿತು. ತಲೆಗೆ ಪೆಟ್ಟಿತ್ತು. ಮಡುವಿನ ದಂಡೆಯಲ್ಲಿ ಗುಡಿಸಲು ಇರುವುದು ಮಹಿಬೂಬನೊಬ್ಬನದೇ. ಹತ್ತು ದಿನದಿಂದ ಕಾಕಾರನ್ನು ಕಂಡೇ ಇಲ್ಲ ಎಂದು ಅವನು ಹೇಳಿದ. ಶುಕ್ರವಾರ ಅವನ ದೋಣಿಯ ಹಲಗೆಯ ಕೆಳಗೆ ಈ ಡಬ್ಬಿ ಸಿಕ್ಕಿತು. ಗುರುಬಸವ ನಿಫಾಡಿಗೆ ಬೈಕಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದ. ಠಾಣೆಯ ಸಾಹೇಬರು ಇವು ಯಾರ ಕೈಯಿನವು ಎಂದು ಕೇಳಿದರು.

ನಾನು ಎದೆ ಉಬ್ಬಿಸಿ ಹೇಳಿದೆ. ಗಂಟಿಲ್ಲದೆ ಮುಗಿಸುವ ಕೈ ಜಗತ್ತಿನಲ್ಲಿ ಒಂದೇ, ನಮ್ಮ ಕಾಕಾರದು. ದಾರ ಇನ್ನೂ ನೀರು ಕುಡಿದಿಲ್ಲ, ಉಣ್ಣೆ ಹೊಸದು, ಇವು ಹತ್ತು ದಿನದ ಹಳೆಯವಲ್ಲ.

ಸಾಹೇಬರಿಗೆ ಅಷ್ಟು ಸಾಕಿತ್ತು. ಮಹಿಬೂಬ ಸುಳ್ಳು ಹೇಳಿದ್ದಾನೆ. ಸೋಮವಾರ ನಸುಕಿನಲ್ಲಿ ಕಾಕಾರನ್ನು ಹೊಡೆದು, ಕೈಯಲ್ಲಿದ್ದದ್ದನ್ನು ಕಿತ್ತುಕೊಂಡಿದ್ದಾನೆ. ಕರ್ನಲ್ ಸಾಹೇಬರು ಕೊಟ್ಟಿದ್ದ ವಿಲಾಯತಿ ಕೋಲು ಕಾಣೆಯಾಗಿತ್ತು, ಅದನ್ನೂ ಇವನೇ ಎಲ್ಲೋ ಸಾಗಿಸಿದ್ದಾನೆ.

ಮೊನ್ನೆ ಲಾಕಪ್ಪಿನ ಸರಳಿನ ಹಿಂದೆ ಮಹಿಬೂಬನನ್ನು ಐದು ನಿಮಿಷ ಕಂಡೆ. ನನಗಿಂತ ಎರಡು ವರ್ಷ ದೊಡ್ಡವನು. ಒಂದೇ ಮಡುವಿನಲ್ಲಿ ಈಜು ಕಲಿತವರು ನಾವು. ಅವನು ನನ್ನನ್ನು ಬೈಯಲಿಲ್ಲ. ಡಬ್ಬಿ ಎಲ್ಲಿಂದ ಬಂತೆಂದು ನಾಲ್ಕು ಸಲ ಕೇಳಿದೆ. ನಾಲ್ಕನೆಯ ಸಲ, ತಾನೊಬ್ಬರಿಗೆ ಮಾತು ಕೊಟ್ಟಿದ್ದೇನೆ ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದ.

ಒಬ್ಬರಿಗೆ. ಅಂದರೆ ಡಬ್ಬಿ ಕೊಟ್ಟವರು ಒಬ್ಬರಿದ್ದಾರೆ. ಕಾಕಾರ ಕೈಯನ್ನು ಹೋಲುವ ಹುಳ ಕಟ್ಟಬಲ್ಲವರು. ಕಾಕಾ ಕಲಿಸಿದ್ದು ಇಬ್ಬರಿಗೆ. ಒಬ್ಬ ನಾನು.

ಇದನ್ನೆಲ್ಲ ಜಯಕರಣ್ಣನ ಮುಖಕ್ಕೇ ಹೇಳಿದೆ. ನೀವು ಹೋದ ವಾರ ದೇವಳಾಲಿಗೆ ಬಂದಿದ್ದಿರೋ ಇಲ್ಲವೋ ಎಂದೆ. ಮಹಿಬೂಬನ ಬಾಯಿ ಯಾಕೆ ಕಟ್ಟಿದಿರಿ ಎಂದೆ. ದನಿ ಏರಿತ್ತು. ಕಿಟಕಿಯಾಚೆ ಊಟದ ಗದ್ದಲ ಒಂದು ಕ್ಷಣ ಅಡಗಿತು.

ಅವರು ಎದ್ದು ಕಿಟಕಿ ಮುಚ್ಚಿದರು. ಬೈಯುತ್ತಾರೆ, ಹೊಡೆಯಲೂಬಹುದು ಎಂದುಕೊಂಡೆ. ಅವರು ಕಪಾಟಿನಿಂದ ಒಂದು ಬಿಸ್ಕೀಟಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಹತ್ತಿಯ ಮೇಲೆ ಎರಡು ಸಾಲು ಹುಳ.

"ಈ ಸಾಲು ನಾನು ಕ್ಯಾಂಪಿನಲ್ಲಿ ಇರುವಾಗ ಅವರು ಕಟ್ಟಿದ್ದು. ಗಂಟು ಉಂಟು, ನೋಡು. ಈ ಸಾಲು ಈಚೆಗೆ ವರ್ಷಕ್ಕೊಂದು ನನಗೆ ಕಳಿಸಿದ್ದು. ಗಂಟಿಲ್ಲ. ಎರಡನ್ನೂ ಮುಟ್ಟಿ ನೋಡು ಮಾರಾಯ. ನೀನು ಫೋಟೋ ನೋಡಿ ಮಾತಾಡ್ತಿ."

ಮುಟ್ಟಿದೆ. ಹಳೆಯವು ಗಟ್ಟಿ, ಗುಂಡುಕಲ್ಲಿನ ಹಾಗೆ. ಹೊಸವು ಮೆತ್ತಗೆ. ಹಿಸುಕಿದರೆ ಹಣ್ಣಿನ ಹಾಗೆಯೇ ತಗ್ಗಿ ಮತ್ತೆ ಎದ್ದವು. ಇದು ನನಗೆ ಗೊತ್ತಿತ್ತು. ಕಾಕಾ ಪಳಗಿದ್ದಾರೆ ಎಂದು ಆರು ವರ್ಷ ಅಂದುಕೊಂಡಿದ್ದೆ.

"ಗಂಟಿಲ್ಲದೆ ಮುಗಿಸ್ಲಿಕ್ಕೆ ದಾರವನ್ನು ಸೂಜಿಗೆ ಹಾಕ್ಬೇಕು," ಎಂದರು ಜಯಕರಣ್ಣ. "ಕಾಕಾ ಹುಳಕ್ಕೆ ಸೂಜಿ ಮುಟ್ಟಿಸಿದ್ದು ನೀನು ಯಾವತ್ತಾದ್ರೂ ಕಂಡಿದ್ದಿಯಾ?"

ಕಂಡಿರಲಿಲ್ಲ. ಕಾಕಾರದೆಲ್ಲ ಯಂತ್ರದ ಹೊಲಿಗೆ. ಕೈಯಲ್ಲಿ ಸೂಜಿ ಹಿಡಿಯುವುದೆಂದರೆ ಅವರಿಗೆ ಬೇಸರ. ಅಂಗಿಯ ಗುಂಡಿ ಹಚ್ಚುವುದನ್ನೂ ಒಳಗೆ ಕೊಟ್ಟು ಕಳಿಸುತ್ತಿದ್ದರು.

"ಐದು ವರ್ಷದ ಹಿಂದೆ ಅವರಿಬ್ಬರೂ ವೇರೂಳಿಗೆ ದೇವರ ದರ್ಶನಕ್ಕೆ ಬಂದಿದ್ರು," ಎಂದು ಅವರು ದನಿ ಇಳಿಸಿದರು. "ನಾನು ಕಾರು ತಗೊಂಡು ಹೋಗಿದ್ದೆ. ಗುಡಿಯ ಹೊರಗೆ ಚಹಾ ಕುಡಿಯುವಾಗ ಕಾಕಾ ಬಶಿ ಎತ್ತಿದ್ರು. ಅರ್ಧ ಚಹಾ ಅಂಗಿ ಮೇಲೆ. ಬಲಗೈ ನಿಲ್ಲುದಿಲ್ಲ ಮಾರಾಯ. ಎಲೆ ನಡುಗಿದ ಹಾಗೆ. ಆ ಕೈಯಲ್ಲಿ ಗಾಳದ ಕಣ್ಣಿಗೆ ದಾರ ಪೋಣಿಸ್ಲಿಕ್ಕೆ ಆಗ್ತದಾ?"

ನಾನು ಕೈಯಲ್ಲಿದ್ದ ಹುಳವನ್ನು ಹತ್ತಿಯ ಮೇಲೆ ವಾಪಸು ಇಟ್ಟೆ.

"ಯಾರಿಗೂ ಹೇಳಬಾರದು ಅಂತ ನನ್ನ ಹತ್ರ ಭಾಷೆ ತಗೊಂಡ್ರು. ಮುಖ್ಯವಾಗಿ ನಿನಗೆ. ನೀನು ಹುಳ ಕೊಂಡುಹೋಗುದು ಅವರಿಗೆ ಗೊತ್ತಿತ್ತು. ಅವರು ಹೇಳಿದ ಮಾತು ಹಾಗೇ ಹೇಳ್ತೇನೆ ಕೇಳು. 'ಅಮರ ಮನೀಗ್ ಬರಬಾರದು. ಬಂದ್ರ ಕೈ ನೋಡ್ತಾನ.'"

ರುಬ್ಬುವ ಯಂತ್ರದ ಮೇಲೆ ಒಂದು ನೊಣ ಕೂತಿತ್ತು. ಅದನ್ನೇ ನೋಡುತ್ತ ಕೂತೆ. ಏಳು ವರ್ಷ. ನನ್ನ ಸಿಟ್ಟಿಗೆ ಹೆದರಿ ಅವರು ಕರೆಯಲಿಲ್ಲ ಎಂದುಕೊಂಡಿದ್ದೆ. ಪರೀಕ್ಷೆಯ ಹಟಕ್ಕೆ ಕರೆಯಲಿಲ್ಲ ಎಂದುಕೊಂಡಿದ್ದೆ. ತಿಂಗಳಿಗೊಮ್ಮೆ ಅವರ ಕೈ ಮುಟ್ಟುತ್ತಿದ್ದೇನೆಂದು ಅಂದುಕೊಂಡು ಯಾರದೋ ಕೈ ಮುಟ್ಟುತ್ತಿದ್ದೆ.

ಯಾರದು ಎಂದು ಕೇಳಿದೆ.

ಜಯಕರಣ್ಣ ಮಹಡಿಯ ಕಡೆ ಮುಖ ಮಾಡಿ ಚಂಪಕ್ಕನಿಗೆ ಏನೋ ಹೇಳಿದರು. ಆಕೆ ಮಡಚಿದ ಒಂದು ಕೌದಿ ತಂದು ನನ್ನ ತೊಡೆಯ ಮೇಲಿಟ್ಟರು. ಮಗಳು ಅಶ್ವಿತಾ ಹುಟ್ಟಿದಾಗ ಕಸ್ತೂರಿ ಕಾಕು ಹೊಲಿದು ಕೊಟ್ಟದ್ದಂತೆ. ಹಳೆಯ ಇಳಕಲ್ಲಿನ ಅಂಚು, ಪಲ್ಟನ್ನಿನ ಖಾಕಿ ತುಂಡು, ಕಾಕಾರ ಧೋತರದ ಬಿಳಿ, ಎಲ್ಲ ಸೇರಿಸಿ ಹೊಲಿದದ್ದು. ಮಗಳಿಗೆ ಈಗ ಹತ್ತೊಂಬತ್ತು, ಇನ್ನೂ ಇದನ್ನೇ ಹೊದ್ದು ಮಲಗುತ್ತಾಳೆ, ಒಗೆಯಲಿಕ್ಕೂ ಕೊಡುವುದಿಲ್ಲ ಎಂದು ಚಂಪಕ್ಕ ನಕ್ಕರು.

ಕೌದಿಯ ಮೂಲೆ ತಿರುವಿದೆ.

ನಮ್ಮ ಕಡೆಯ ಹೆಂಗಸರು ಕೌದಿಗೆ ಗಂಟು ಹಾಕುವುದಿಲ್ಲ. ದಾರ ಮುಗಿಯುತ್ತ ಬಂದಾಗ ಸೂಜಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ, ನಾಲ್ಕು ಹೊಲಿಗೆಗಳ ಕೆಳಗೆ ತೂರಿಸಿ, ಬಟ್ಟೆಗೆ ತಾಗುವ ಹಾಗೆ ಕತ್ತರಿಸುತ್ತಾರೆ. ಗಂಟಿದ್ದರೆ ಮಲಗಿದ ಕೂಸಿನ ಬೆನ್ನಿಗೆ ಒತ್ತುತ್ತದೆ. ನಮ್ಮವ್ವನೂ ಹಾಗೇ ಹೊಲಿಯುತ್ತಿದ್ದಳು. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಗೆ ಬಂದು, ಒಂದೇ ಕೌದಿಯ ನಾಲ್ಕು ಮೂಲೆ ಹಿಡಿದು, ಊರೆಲ್ಲದರ ಸುದ್ದಿ ಮಾತಾಡುತ್ತ ಹೊಲಿಯುತ್ತಿದ್ದರು. ನಾನು ಆ ಕೌದಿಯ ಕೆಳಗೆ ತೂರಿಕೊಂಡು, ಮೇಲಿನಿಂದ ಸೂಜಿಗಳ ಮೊನೆ ಇಣುಕಿ ಹೋಗುವುದನ್ನು ನೋಡುತ್ತಿದ್ದೆ. ಹದಿನೇಳು ವರ್ಷ ಅಂಥದರ ಮೇಲೆ ಮಲಗಿದವನು. ನನ್ನ ಬೆನ್ನಿಗೆ ಗೊತ್ತಿದ್ದದ್ದು ನನ್ನ ಕಣ್ಣಿಗೆ ಹೊಳೆಯಲಿಲ್ಲ. ಗಂಡಸಿನ ಕೈ ಅಲ್ಲದೆ ಇನ್ನಾವುದೂ ಗಾಳ ಮುಟ್ಟುವುದಿಲ್ಲ ಎಂದು ನಂಬಿದ್ದೆನಲ್ಲ, ಆ ನಂಬಿಕೆಯ ಮೇಲೆ ಒಬ್ಬ ಮನುಷ್ಯ ಲಾಕಪ್ಪಿನಲ್ಲಿ ಕೂತಿದ್ದಾನೆ.

ಸಿಟ್ಟು ಬಂತು. ಈ ಸಲ ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ.

ಅಲ್ಲೇ ಕೂತು ಫೋನು ಹಚ್ಚಿದೆ. ಮೂರನೆಯ ಸಲ ರಿಂಗಾದಾಗ ಕಾಕು ಎತ್ತಿದರು.

"ಹೇಳೋ ತಮ್ಮಾ."

"ಕಾಕು, ಮಹಿಬೂಬನ ದೋಣ್ಯಾಗ ಸಿಕ್ಕ ಹುಳ ಯಾರ ಕೈಯಿನವು?"

ಆ ಕಡೆ ಕುಕ್ಕರು ಒಮ್ಮೆ ಕೂಗಿತು. ಅದು ನಿಲ್ಲುವ ತನಕ ಅವರು ಕಾದರು.

"ಎಲ್ಲಿದ್ದೀ ನೀ?"

ಜಯಕರಣ್ಣನ ಮನೆಯಲ್ಲಿ, ನೀವು ಹೊಲಿದ ಕೌದಿ ನನ್ನ ತೊಡೆಯ ಮೇಲಿದೆ ಎಂದೆ. ಅದನ್ನು ಇನ್ನೂ ಇಟ್ಟಿದ್ದಾರೆಯೇ ಎಂದು ಕೇಳಿದರು. ಅಶ್ವಿತಾ ಎಷ್ಟು ಎತ್ತರ ಆಗಿದ್ದಾಳೆಂದು ಕೇಳಿದರು. ಆಮೇಲೆ ತಾವಾಗಿಯೇ ಹೇಳಿದರು, ಅವಸರವಿಲ್ಲದೆ, ಅಡುಗೆಯ ಲೆಕ್ಕ ಹೇಳಿದ ಹಾಗೆ. ಕಾಕಾರ ಕೈ ಹೋದ ಮೇಲೆ ಕಟ್ಟಿದ್ದೆಲ್ಲ ತಾವೇ. ಅವರು ಹಿಂದೆ ಕೂತು, ಇಲ್ಲಿ ಬಿಗಿ, ಇಲ್ಲಿ ಬಿಡು ಎನ್ನುತ್ತಿದ್ದರು. ತಮಗೆ ಆ ಗಂಟು ಬರಲೇ ಇಲ್ಲ, ಎಷ್ಟು ಸಲ ತೋರಿಸಿದರೂ. ಕೊನೆಗೆ ಬೇಸತ್ತು ತಮಗೆ ಬರುವ ಹಾಗೆ ಸೂಜಿಯಿಂದ ಮುಗಿಸಿದರಂತೆ. ಕಾಕಾ ಅದನ್ನು ನೀರಿಗೆ ಬಿಟ್ಟು ನೋಡಿ, ಸಂಜೆ ಬ್ಯಾಡ್ಗಿ ಮೆಣಸಿನಕಾಯಿಯಷ್ಟು ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದರಂತೆ. ಮೀನಿಗೆ ನಿನ್ನದೇ ರುಚಿಸಿತು ಎಂದರಂತೆ.

ಅವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗಲಿಲ್ಲ.

"ಆ ಆರು ಹುಳ ಯಾವಾಗ ಕಟ್ಟಿದ್ರಿ ಕಾಕು?"

"ಮಂಗಳವಾರ. ಸಂಜೀಕಡೆ."

ದಿನ ತಪ್ಪಿದೆ ಎಂದುಕೊಂಡೆ. ಸೋಮವಾರ ನಸುಕಿನಲ್ಲಿ ಕಾಕಾ ಹೋದರು, ಮಂಗಳವಾರ ಅವರು ಇರಲಿಲ್ಲ ಎಂದೆ.

"ಇದ್ದರು."

ಜಯಕರಣ್ಣ ತಲೆ ಎತ್ತಿದರು. ನಾನು ಫೋನಿನ ಸ್ಪೀಕರು ಹಾಕಿದೆ.

"ಸೋಮವಾರ ಗುರುಬಸವನ ಕೂಡ ಬಾಯಿ ಮಾಡ್ಕೊಂಡು ಎದ್ದು ಹೋದರು," ಎಂದರು ಕಾಕು. "ಹೊಳಿಗಲ್ಲ. ಮಹಿಬೂಬನ ಗುಡಸಲಕ್ಕ. ಮಂಗಳವಾರ ಅಲ್ಲಿಂದನ ಫೋನ್ ಹಚ್ಚಿ, ಹುಳ ಕಟ್ಟಿ ಕಳಿಸು ಅಂದ್ರು. ಮಹಿಬೂಬ ಬಂದ. ಡಬ್ಬ್ಯಾಗ ಹಾಕಿ ಕೊಟ್ಟೆ. ರೊಟ್ಟೀನೂ ಕೊಟ್ಟೆ."

"ಸೋಮವಾರ ಸತ್ತಾರಂತ..."

"ಹಂಗಂತ ಬರದು ಕೊಟ್ಟಾಂವ ಗುರುಬಸವ."

ಡಾಕ್ಟರ ಕಾಗದದಲ್ಲಿ ಸತ್ತು ಒಂದರಿಂದ ಮೂರು ದಿನ ಎಂದಷ್ಟೇ ಇತ್ತು. ಸೋಮವಾರ ಎಂಬ ದಿನವನ್ನು ಅದಕ್ಕೆ ಜೋಡಿಸಿದ್ದು ಮಗನ ಒಂದು ಮಾತು, ನನ್ನ ಒಂದು ಮಾತು. ಎರಡನ್ನೂ ಸೇರಿಸಿ ಸಾಹೇಬರು ಮಹಿಬೂಬನ ಕೈಗೆ ಬೇಡಿ ಹಾಕಿದ್ದರು.

ಬುಧವಾರ ಏನಾಯಿತೆಂದು ಕೇಳಿದೆ. ಆ ಕಡೆ ಕಾಕು ಒಲೆ ಆರಿಸಿದ ಸದ್ದು ಕೇಳಿತು. ಆಮೇಲೆ ಹೇಳಿದ್ದು ಇಷ್ಟು. ಬುಧವಾರ ಮಧ್ಯಾಹ್ನ ಗುರುಬಸವ ಅಂಗಡಿಗೆ ಸಾಮಾನು ತರಲು ನಾಸಿಕಕ್ಕೆ ಹೋಗುತ್ತೇನೆ ಎಂದು ಹೋದ. ದೀಪ ಹಚ್ಚುವ ಹೊತ್ತಿಗೆ ಬರಿಗೈಯಲ್ಲಿ ಬಂದ. ಮೊಣಕಾಲ ತನಕ ಕೆಸರು. ಹಸಿ ಬೂಟು ಬಿಚ್ಚಿ ಹಿತ್ತಲಿನಲ್ಲಿ ಇಟ್ಟ. ಊಟ ಮಾಡಲಿಲ್ಲ. ಕಾಲುಚೀಲ ಒಗೆದದ್ದು ತಾವೇ. ಯಾಕೆ ಎಂದು ಕೇಳಲಿಲ್ಲ. ಗುರುವಾರ ಹೆಣ ಬಂದ ಮೇಲೆ ಮಹಿಬೂಬ ಹಿತ್ತಲ ಬಾಗಿಲಿಗೆ ಬಂದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಅವನ ಎರಡೂ ಕೈ ಹಿಡಿದುಕೊಂಡರಂತೆ.

"ನನ್ನ ಕೈಲೆ ರೊಟ್ಟಿ ತಿಂದು ದೊಡ್ಡವ ಆದ ಹುಡುಗ," ಎಂದರು. "ನೋಡಿದ್ದನ್ನ ನೋಡಿಲ್ಲ ಅನ್ನಬೇಕು ಅಂದೆ. ಹೂಂ ಅಂದ. ಹಿಂಗ ಅವನ್ನ ಹಿಡದು ಒಯ್ತಾರಂತ ನನಗ ಗೊತ್ತಿದ್ದಿಲ್ಲ. ನೀ ಆ ಹುಳಾ ಗುರ್ತ ಹಿಡಿತೀ ಅಂತನೂ ಗೊತ್ತಿದ್ದಿಲ್ಲ."

ಮಹಿಬೂಬ ಏನು ನೋಡಿದ ಎಂದು ಕೇಳಿದೆ. ಅದನ್ನು ತಾವು ಕೇಳಿಲ್ಲ, ಕೇಳುವುದೂ ಇಲ್ಲ ಎಂದರು. ಕೇಳಿದರೆ ಗೊತ್ತಾಗಿಬಿಡುತ್ತದೆ ಎಂದರು.

ನನ್ನ ತೊಡೆಯ ಮೇಲಿದ್ದ ಕೌದಿಯನ್ನು ಚಂಪಕ್ಕ ಮೆಲ್ಲಗೆ ಎತ್ತಿಕೊಂಡರು. ನಾನು ಅದನ್ನು ಹಿಂಡುತ್ತಿದ್ದೆ ಎಂದು ಆಗ ತಿಳಿಯಿತು.

"ಸೋಮವಾರ ಕೋರ್ಟಿಗೆ ಬರ್ರಿ ಕಾಕು. ಇಷ್ಟನ್ನ ಅಲ್ಲಿ ಹೇಳ್ರಿ. ಮಹಿಬೂಬ ಹೊರಗ ಬರ್ತಾನ."

"ಅಂವ ಹೊರಗ ಬಂದ್ರ ಒಳಗ ಹೋಗಾಂವ ಯಾರಂತ ನಿನಗ ಗೊತ್ತದ."

ಗೊತ್ತಿತ್ತು. ನನಗೆ ಹತ್ತು ವರ್ಷವಾಗಿದ್ದಾಗ ನಮ್ಮವ್ವ ಆಸ್ಪತ್ರೆ ಸೇರಿದಳು. ಆಗ ಎರಡು ತಿಂಗಳು ನನಗೂ ಗುರುಬಸವನಿಗೂ ಒಂದೇ ತಟ್ಟೆಯಲ್ಲಿ ಕಲಸಿ ಕೊಟ್ಟವರು ಈ ಕಾಕು.

"ನಾ ನನ್ನಷ್ಟಕ್ಕ ನಾ ಬರಂಗಿಲ್ಲ ತಮ್ಮಾ," ಎಂದರು. "ಆದ್ರ ಸಾಹೇಬರ ಮುಂದ ನಿಂದರಿಸಿ ಈ ಹುಳ ಯಾರ ಕೈಯಿನವು ಅಂತ ನೀ ಕೇಳಿದ್ರ ಸುಳ್ಳು ಹೇಳಂಗಿಲ್ಲ. ನಿಮ್ಮ ಕಾಕಾನ ಆಣಿ. ಹಂಗ ಕೇಳ್ಬೇಕಂತ ತಿಳದಾಂವ ನೀ ಒಬ್ಬನ ಇದ್ದಿ. ಕೇಳ್ತೀಯೋ ಬಿಡ್ತೀಯೋ, ನಿನಗ ಬಿಟ್ಟದ್ದು."

ಆ ಕಡೆ ಬಾಗಿಲಿನ ಅಗಳಿ ಸರಿದ ಸದ್ದಾಯಿತು. ಯಾರದು ಫೋನು ಎಂದು ಗುರುಬಸವನ ದನಿ ಕೇಳಿತು, ಹತ್ತಿರದಿಂದಲೇ.

ಕಾಕು ಒಂದು ಉಸಿರೂ ತಡಮಾಡಲಿಲ್ಲ.

"ಅಮರಂದು. ನಾಳಿಗೆ ಊಟಕ್ಕ ಬರ್ತಾನಂತ. ನಿನ್ನ ಕೂಡ ಮಾತಾಡೋದದ ಅಂತ."

ಫೋನು ಕಟ್ಟಾಯಿತು.

ನಾನು ಹಾಗೆ ಹೇಳಿರಲಿಲ್ಲ.